ಊದಿದ ಸೀಟಿ, ಊದದ ಸೀಟಿ: ಎನ್‌ಬಿಎ ಪ್ಲೇಆಫ್‌ ಮತ್ತು ರೆಫರಿಗಳ ಮೇಲಿನ ಸಂಶಯ



ಆಟ ಮತ್ತು ನ್ಯಾಯದ ಸಂಬಂಧ ಕುರಿತು ವರ್ಷಕ್ಕೊಂದು ಮಾತು ನಡೆಯಬೇಕೆಂಬುದು ಈ ದತ್ತಿ ಉಪನ್ಯಾಸವನ್ನು ಸ್ಥಾಪಿಸಿದ ದಾನಿಗಳ ಆಶಯ. ಅದಕ್ಕಾಗಿ ನಾನು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯನ್ನು, ಅದರಲ್ಲೂ ಅದರ ಪ್ಲೇಆಫ್ ಪಂದ್ಯಗಳನ್ನು ಆರಿಸಿಕೊಂಡಿದ್ದೇನೆ. ‘ರೆಫರಿ ಅವರ ಕಡೆಯವನು’ ಎಂಬ ಕೂಗು ಯಾವ ಊರಿನ ಯಾವ ಅಂಕಣದಲ್ಲಿ ಎದ್ದಿಲ್ಲ? ಎನ್‌ಬಿಎಯ ವಿಶೇಷವೆಂದರೆ, ಅಲ್ಲಿ ಆ ಕೂಗು ಗ್ಯಾಲರಿಯಲ್ಲೇ ಅಡಗಿಹೋಗಲಿಲ್ಲ. ಎಫ್‌ಬಿಐ ಅದರ ಜಾಡು ಹಿಡಿಯಿತು, ನ್ಯಾಯಾಲಯ ಒಬ್ಬ ರೆಫರಿಯನ್ನು ಜೈಲಿಗೆ ಕಳುಹಿಸಿತು, ಅರ್ಥಶಾಸ್ತ್ರಜ್ಞರು ಸಾವಿರಾರು ಪಂದ್ಯಗಳ ಲೆಕ್ಕ ಹಾಕಿದರು. ಸಂಶಯವೊಂದನ್ನು ಇಷ್ಟು ಶ್ರದ್ಧೆಯಿಂದ ಅಳೆದ ಇನ್ನೊಂದು ಕ್ರೀಡೆ ನನಗೆ ಗೊತ್ತಿಲ್ಲ.

2002ರ ಮೇ 31ರಂದು ಲಾಸ್ ಏಂಜಲೀಸ್‌ನ ಸ್ಟೇಪಲ್ಸ್ ಸೆಂಟರ್‌ನಲ್ಲಿ ನಡೆದ ಪಂದ್ಯದಿಂದ ಶುರುಮಾಡೋಣ. ಪಶ್ಚಿಮ ವಿಭಾಗದ ಫೈನಲ್ ಅದು. ಪ್ಲೇಆಫ್ ಸರಣಿಯಲ್ಲಿ ಏಳು ಪಂದ್ಯಗಳು, ಮೊದಲು ನಾಲ್ಕು ಗೆದ್ದವರಿಗೆ ಸರಣಿ. ಸ್ಯಾಕ್ರಮೆಂಟೊ ಕಿಂಗ್ಸ್ 3–2ರಲ್ಲಿ ಮುಂದಿತ್ತು, ಇನ್ನೊಂದು ಗೆದ್ದರೆ ಲೀಗ್‌ನ ಫೈನಲ್‌ಗೆ. ಎದುರಿಗಿದ್ದದ್ದು ಹಿಂದಿನ ಎರಡು ವರ್ಷದ ಚಾಂಪಿಯನ್ನರಾದ ಲೇಕರ್ಸ್, ಅಂದರೆ ಶಕೀಲ್ ಓನೀಲ್ ಮತ್ತು ಕೋಬಿ ಬ್ರಯಂಟ್. ಆರನೆಯ ಪಂದ್ಯವನ್ನು ಲೇಕರ್ಸ್ 106–102ರಿಂದ ಗೆದ್ದಿತು. ಜನರ ನೆನಪಿನಲ್ಲಿ ಉಳಿದದ್ದು ಆ ಅಂಕಪಟ್ಟಿಗಿಂತ ಹೆಚ್ಚಾಗಿ ಮತ್ತೊಂದು ಸಂಖ್ಯೆ. ಕೊನೆಯ ಕ್ವಾರ್ಟರ್‌ನ ಹನ್ನೆರಡು ನಿಮಿಷಗಳಲ್ಲಿ ಲೇಕರ್ಸ್‌ಗೆ 27 ಫ್ರೀ ಥ್ರೋ, ಅಂದರೆ ಎದುರಾಳಿಯ ಫೌಲ್‌ಗೆ ಪ್ರತಿಯಾಗಿ ಸಿಗುವ ತಡೆಯಿಲ್ಲದ ಎಸೆತ, ಸಿಕ್ಕವು, ಕಿಂಗ್ಸ್‌ಗೆ 9. ಓನೀಲ್ ಎದುರು ನಿಲ್ಲಬಲ್ಲ ಎತ್ತರದ ಕಿಂಗ್ಸ್ ಆಟಗಾರರಿಬ್ಬರು, ವ್ಲಾಡೆ ಡಿವಾಚ್ ಮತ್ತು ಸ್ಕಾಟ್ ಪೊಲಾರ್ಡ್, ಆರು ಫೌಲ್ ತುಂಬಿ ಪಂದ್ಯದಿಂದ ಹೊರಬಿದ್ದರು. ಪಂದ್ಯ ಮುಗಿಯಲು ಇನ್ನೇನು ಹನ್ನೆರಡು ಸೆಕೆಂಡ್ ಇದೆ ಎನ್ನುವಾಗ ಕೋಬಿಯ ಮೊಣಕೈ ಕಿಂಗ್ಸ್‌ನ ಮೈಕ್ ಬಿಬ್ಬಿಯ ಮೂಗಿಗೆ ಬಡಿಯಿತು. ಬಿಬ್ಬಿ ಮೂಗು ಹಿಡಿದು ಕುಸಿದ. ಕೋಬಿಯ ಮೇಲೆ ಫೌಲ್ ಬೀಳಲಿಲ್ಲ.

ಗ್ರಾಹಕ ಹಕ್ಕುಗಳ ಹೋರಾಟಗಾರ ರಾಲ್ಫ್ ನಾಡರ್ ಲೀಗ್‌ನ ಕಮಿಷನರ್ ಡೇವಿಡ್ ಸ್ಟರ್ನ್ ಅವರಿಗೆ ಪತ್ರ ಬರೆದು, ಈ ಪಂದ್ಯದ ರೆಫರಿಗಿರಿಯ ವಿಚಾರಣೆ ಆಗಬೇಕೆಂದು ಕೇಳಿದರು. ಕಾರಿನ ಸುರಕ್ಷತೆಗಾಗಿ ದೈತ್ಯ ಕಂಪನಿಗಳನ್ನು ಎದುರು ಹಾಕಿಕೊಂಡಿದ್ದ ಮನುಷ್ಯ ಒಂದು ಬ್ಯಾಸ್ಕೆಟ್‌ಬಾಲ್ ಪಂದ್ಯಕ್ಕಾಗಿ ಪತ್ರ ಬರೆದದ್ದು ಕೆಲವರಿಗೆ ವಿಚಿತ್ರ ಅನ್ನಿಸಿತು. ನನಗೆ ಹಾಗನ್ನಿಸುವುದಿಲ್ಲ. ಟಿಕೆಟ್ ಕೊಂಡವನಿಗೂ ತೀರ್ಪಿನ ಕಾರಣ ಕೇಳುವ ಹಕ್ಕಿದೆ ಎಂದು ಅವರು ನಂಬಿದ್ದರು. ಆ ನಂಬಿಕೆ ಸರಿಯಾದದ್ದು. 

ಈ ಪಂದ್ಯವನ್ನು ನಾನು ಬಹಳ ಸಲ ನೋಡಿದ್ದೇನೆ. ಪೊಲಾರ್ಡ್ ಮೇಲೆ, ಡಿವಾಚ್ ಮೇಲೆ ಕೊಟ್ಟ ಕೆಲವು ಫೌಲ್‌ಗಳಿಗೆ ನನ್ನ ಕಣ್ಣಿಗೆ ಆಧಾರ ಕಾಣುವುದಿಲ್ಲ. ಅಷ್ಟನ್ನು ಹೇಳಿದ ಮೇಲೆ ಸಂಶಯದವರು ಬಿಟ್ಟುಬಿಡುವ ಸಂಗತಿಗಳನ್ನೂ ಹೇಳಬೇಕು. ಓನೀಲ್ ಆ ರಾತ್ರಿ 41 ಅಂಕ, 17 ರಿಬೌಂಡ್ ಗಳಿಸಿದ. ಅಂಥ ಗಾತ್ರದವನು ಬುಟ್ಟಿಯ ಕೆಳಗೇ ನಿಂತು ಆಡಿದರೆ ಫೌಲ್ ಆಗುತ್ತದೆ. ಹಿಂದೆ ಬಿದ್ದ ತಂಡ ಗಡಿಯಾರ ನಿಲ್ಲಿಸಲು ಕೊನೆಯಲ್ಲಿ ಬೇಕೆಂದೇ ಫೌಲ್ ಮಾಡುತ್ತದೆ, ಅವೂ 27ರಲ್ಲಿ ಸೇರಿವೆ. ಇನ್ನು ಎರಡು ದಿನಗಳ ನಂತರದ ಏಳನೆಯ ಪಂದ್ಯ ನಡೆದದ್ದು ಸ್ಯಾಕ್ರಮೆಂಟೊದಲ್ಲಿ, ಕಿಂಗ್ಸ್‌ನ ಸ್ವಂತ ಅಂಕಣದಲ್ಲಿ, ಕಿವಿ ಗಡಚಿಕ್ಕುವ ತವರು ಪ್ರೇಕ್ಷಕರ ನಡುವೆ. ಅಲ್ಲಿ ಕಿಂಗ್ಸ್ 30 ಫ್ರೀ ಥ್ರೋಗಳಲ್ಲಿ 16ನ್ನಷ್ಟೇ ಬುಟ್ಟಿಗೆ ಹಾಕಿ, ಹೆಚ್ಚುವರಿ ಅವಧಿಯಲ್ಲಿ 112–106ರಿಂದ ಸೋತಿತು. ತಪ್ಪಿದ ಆ ಹದಿನಾಲ್ಕು ಎಸೆತಗಳನ್ನು ತಡೆಯಲು ಎದುರಿಗೆ ಯಾರೂ ಇರಲಿಲ್ಲ. ಆರನೆಯ ಪಂದ್ಯದ ಅನ್ಯಾಯ ಇದರಿಂದ ತೊಳೆದುಹೋಗುವುದಿಲ್ಲ, ಆದರೆ ‘ರೆಫರಿಗಳು ಕಿರೀಟ ಕಸಿದರು’ ಎಂಬ ಒಂದೇ ಸಾಲಿನ ಕಥೆ ಇದರೆದುರು ನಿಲ್ಲುವುದೂ ಇಲ್ಲ.

  ಸ್ಯಾಕ್ರಮೆಂಟೊದಲ್ಲಿ 2002ರ ಮಾತೆತ್ತಿದರೆ ಇವತ್ತಿಗೂ ಜನರ ದನಿ ಏರುತ್ತದೆ.

ಆ ದನಿ ಇನ್ನಷ್ಟು ಏರಿದ್ದು ಟಿಮ್ ಡೊನಹಿ ಪ್ರಕರಣದಿಂದ. ಹದಿಮೂರು ಋತುಗಳ ಅನುಭವವಿದ್ದ ಈ ರೆಫರಿ 2007ರ ಜುಲೈನಲ್ಲಿ ರಾಜೀನಾಮೆ ಕೊಟ್ಟ. ತಾನೇ ಸೀಟಿ ಊದುತ್ತಿದ್ದ ಪಂದ್ಯಗಳೂ ಸೇರಿದಂತೆ ಎನ್‌ಬಿಎ ಪಂದ್ಯಗಳ ಮೇಲೆ ಬಾಜಿ ಕಟ್ಟುವವರಿಗೆ ಒಳಗಿನ ಸುಳಿವು ಕೊಟ್ಟು ಹಣ ಪಡೆಯುತ್ತಿದ್ದುದು ಬಯಲಾಯಿತು. ಆಗಸ್ಟ್‌ನಲ್ಲಿ ತಪ್ಪೊಪ್ಪಿಕೊಂಡ, 2008ರ ಜುಲೈನಲ್ಲಿ 15 ತಿಂಗಳ ಶಿಕ್ಷೆಯಾಯಿತು. ಅದೇ 2007ರ ಪ್ಲೇಆಫ್‌ನಲ್ಲಿ ಸ್ಯಾನ್ ಆಂಟೋನಿಯೊ ಸ್ಪರ್ಸ್ ಮತ್ತು ಫೀನಿಕ್ಸ್ ಸನ್ಸ್ ನಡುವಿನ ಮೂರನೆಯ ಪಂದ್ಯದಲ್ಲಿ ಇವನೂ ಒಬ್ಬ ರೆಫರಿ. ಫೀನಿಕ್ಸ್ ಅಭಿಮಾನಿಗಳು ಆ ಪಂದ್ಯದ ಪ್ರತಿ ಫೌಲನ್ನೂ ಮತ್ತೆ ಕೆದಕಿದರೆ ಯಾರು ಅವರನ್ನು ದೂರಲಾದೀತು?

ಶಿಕ್ಷೆಗೆ ಮುನ್ನ, 2008ರ ಜೂನ್‌ನಲ್ಲಿ, ಡೊನಹಿಯ ವಕೀಲರು ನ್ಯಾಯಾಲಯಕ್ಕೆ ಪತ್ರ ಸಲ್ಲಿಸಿದರು. 2002ರ ಪ್ಲೇಆಫ್ ಸರಣಿಯೊಂದನ್ನು ಏಳನೆಯ ಪಂದ್ಯದವರೆಗೆ ಎಳೆಯಲು ಇಬ್ಬರು ರೆಫರಿಗಳು ಆರನೆಯ ಪಂದ್ಯವನ್ನು ತಿರುಚಿದರು ಎಂಬುದು ಆರೋಪ. ತಂಡಗಳ ಹೆಸರಿರಲಿಲ್ಲ. ಆ ವರ್ಷ ಏಳು ಪಂದ್ಯಕ್ಕೆ ಹೋದ ಸರಣಿ ಯಾವುದೆಂದು ಎಲ್ಲರಿಗೂ ಗೊತ್ತಿತ್ತು. ಲೀಗ್ ಇದನ್ನು ಸಾರಾಸಗಟಾಗಿ ಅಲ್ಲಗಳೆಯಿತು. ಲೀಗ್‌ನ ಕೋರಿಕೆಯ ಮೇಲೆ ವಕೀಲ ಲಾರೆನ್ಸ್ ಪೆಡೊವಿಟ್ಜ್ ತನಿಖೆ ನಡೆಸಿ ಆ ಅಕ್ಟೋಬರ್‌ನಲ್ಲಿ ವರದಿ ಕೊಟ್ಟರು. ಡೊನಹಿ ಬಿಟ್ಟು ಬೇರೆ ಯಾವ ರೆಫರಿಯೂ ಇಂಥ ಅಪರಾಧದಲ್ಲಿ ತೊಡಗಿದ್ದಕ್ಕೆ ಪುರಾವೆ ಸಿಗಲಿಲ್ಲ.

2002ರ ಆ ಆರನೆಯ ಪಂದ್ಯದ ಮೂವರು ರೆಫರಿಗಳು ಡಿಕ್ ಬವೆಟಾ, ಬಾಬ್ ಡಿಲೇನಿ, ಟೆಡ್ ಬರ್ನ್‌ಹಾರ್ಟ್. ಬವೆಟಾ 39 ವರ್ಷ ಸೇವೆಯಲ್ಲಿದ್ದು ಒಂದೂ ಪಂದ್ಯ ತಪ್ಪಿಸದೆ ಸತತ 2,635 ಪಂದ್ಯಗಳಿಗೆ ಸೀಟಿ ಊದಿದವರು. ಡಿಲೇನಿಯವರು ರೆಫರಿ ಆಗುವ ಮೊದಲು ನ್ಯೂಜೆರ್ಸಿಯ ಪೊಲೀಸ್ ಸಿಬ್ಬಂದಿ. 1970ರ ದಶಕದಲ್ಲಿ ವೇಷ ಮರೆಸಿ ಮಾಫಿಯಾ ಗುಂಪಿನೊಳಗೆ ಹೊಕ್ಕು, ಪ್ರಾಣ ಪಣಕ್ಕಿಟ್ಟು ಸಾಕ್ಷ್ಯ ಕಲೆಹಾಕಿದವರು. ಅಂಥವರನ್ನು ಒಬ್ಬ ಅಪರಾಧಿಯ ಮಾತಿನ ಮೇಲೆ ಕಳ್ಳರೆನ್ನಲು ನಾನು ಒಪ್ಪುವುದಿಲ್ಲ. ಆದರೆ ಗಮನಿಸಿ: ‘ಅವರು ಪ್ರಾಮಾಣಿಕರು’ ಎನ್ನುವುದೂ ‘ಅವರು ಕೊಟ್ಟ ಫೌಲ್‌ಗಳು ಸರಿ’ ಎನ್ನುವುದೂ ಬೇರೆ ಬೇರೆ ಮಾತು. ಲೀಗ್ ಬಹುಕಾಲ ಮೊದಲನೆಯದನ್ನು ಸಾಬೀತುಮಾಡಿ ಎರಡನೆಯದನ್ನೂ ಸಾಬೀತುಮಾಡಿದಂತೆ ನಡೆದುಕೊಂಡಿತು. ಪ್ರೇಕ್ಷಕರು ಎರಡನೆಯದರ ತಪ್ಪು ಕಂಡು ಮೊದಲನೆಯದನ್ನೂ ಅಲ್ಲಗಳೆದರು. ಇಡೀ ವಾದ ಹದಗೆಟ್ಟದ್ದು ಈ ಗಂಟಿನಲ್ಲಿ.

ಪ್ರಾಮಾಣಿಕನಾದವನ ಕಣ್ಣೂ ವಾಲಬಹುದೇ? ನಾನು ಅಂತರ ಕಾಲೇಜು ಪಂದ್ಯಗಳಿಗೆ ಹಲವು ವರ್ಷ ರೆಫರಿಯಾಗಿದ್ದವನು. ಬ್ಲಾಕ್ ಮತ್ತು ಚಾರ್ಜ್ ನಡುವೆ ಆರಿಸುವುದು ಏನೆಂದು ಗೊತ್ತು. ಚೆಂಡು ಹಿಡಿದವನು ಬುಟ್ಟಿಗೆ ನುಗ್ಗುತ್ತಾನೆ, ತಡೆಯುವವನು ಅಡ್ಡ ನಿಲ್ಲುತ್ತಾನೆ, ಇಬ್ಬರೂ ಡಿಕ್ಕಿಯಾಗಿ ಬೀಳುತ್ತಾರೆ. ತಡೆಯುವವನು ಮೊದಲೇ ಬಂದು ನೆಲೆ ಹಿಡಿದಿದ್ದರೆ ನುಗ್ಗಿದವನ ಫೌಲ್, ಅದು ಚಾರ್ಜ್; ಇಲ್ಲದಿದ್ದರೆ ತಡೆದವನ ಫೌಲ್, ಅದು ಬ್ಲಾಕ್. ರೆಫರಿ ಒಬ್ಬನ ಪಾದ, ಇನ್ನೊಬ್ಬನ ನೆಗೆತ, ಇಬ್ಬರ ಎದೆ ಕೂಡಿದ ಜಾಗ, ಬುಟ್ಟಿಯ ಕೆಳಗಿನ ಅರ್ಧವೃತ್ತದ ಗೆರೆ, ಇಷ್ಟನ್ನೂ ಒಂದು ರೆಪ್ಪೆ ಮಿಟುಕಿನಲ್ಲಿ ನೋಡಬೇಕು. ನೋಡಲು ಆಗದ್ದನ್ನು ಮನಸ್ಸು ತುಂಬಿಕೊಡುತ್ತದೆ. ಆ ಕ್ಷಣದಲ್ಲಿ ಗ್ಯಾಲರಿಯ ಒಂದು ಕಡೆಯಿಂದ ಏಳುವ ಬೊಬ್ಬೆ ಕಿವಿಗೆ ಮಾತ್ರ ಬಡಿಯುತ್ತದೆ ಎಂದು ತಿಳಿಯಬೇಡಿ.

ಇಂಗ್ಲೆಂಡಿನಲ್ಲಿ ನೆವಿಲ್, ಬಾಮರ್, ವಿಲಿಯಮ್ಸ್ ಎಂಬ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿತು. ಅದು ಫುಟ್‌ಬಾಲಿನದು. ಅರ್ಹತೆ ಪಡೆದ 40 ರೆಫರಿಗಳಿಗೆ ಒಂದೇ ಪಂದ್ಯದ ವಿಡಿಯೊ ತೋರಿಸಿದರು, ಕೆಲವರಿಗೆ ಪ್ರೇಕ್ಷಕರ ಸದ್ದಿನೊಡನೆ, ಉಳಿದವರಿಗೆ ಸದ್ದಿಲ್ಲದೆ. ಸದ್ದು ಕೇಳಿಸಿಕೊಂಡವರು ತವರು ತಂಡದ ಮೇಲೆ ಶೇ 15.5ರಷ್ಟು ಕಡಿಮೆ ಫೌಲ್ ಕೊಟ್ಟರು. ಯಾರೂ ಲಂಚ ತೆಗೆದುಕೊಂಡಿರಲಿಲ್ಲ. ವಿಡಿಯೊದಲ್ಲಿರುವ ತಂಡಕ್ಕೆ ಸಹಾಯ ಮಾಡಿ ಅವರಿಗೆ ಆಗಬೇಕಾದ್ದೂ ಏನಿರಲಿಲ್ಲ.

ಬ್ಯಾಸ್ಕೆಟ್‌ಬಾಲಿನಲ್ಲಿ ಇದನ್ನು ಅಳೆದವರು ಜೋಸೆಫ್ ಪ್ರೈಸ್, ಮಾರ್ಕ್ ರೆಮರ್, ಡೇನಿಯಲ್ ಸ್ಟೋನ್. 2012ರಲ್ಲಿ ಪ್ರಕಟವಾದ ಅವರ ಅಧ್ಯಯನದ ಜಾಣ್ಮೆ ನನಗೆ ತುಂಬ ಹಿಡಿಸಿದ್ದು. ಫ್ರೀ ಥ್ರೋ ಎಣಿಸಿದರೆ ವಾದ ಮುಗಿಯುವುದಿಲ್ಲ, ನುಗ್ಗಿ ಆಡುವ ತಂಡಕ್ಕೆ ಹೆಚ್ಚು ಸಿಕ್ಕೇ ಸಿಗುತ್ತದೆ. 2006ರ ಫೈನಲ್‌ನ ಐದನೆಯ ಪಂದ್ಯದಲ್ಲಿ ಮಯಾಮಿಯ ಡ್ವೇನ್ ವೇಡ್ ಒಬ್ಬನೇ 25 ಫ್ರೀ ಥ್ರೋ ಎಸೆದ, ಡಲ್ಲಾಸ್ ತಂಡವೆಲ್ಲ ಸೇರಿ ಎಸೆದದ್ದೂ 25. ಡಲ್ಲಾಸ್‌ನವರು ಇದನ್ನು ಸಾಕ್ಷ್ಯ ಎನ್ನುತ್ತಾರೆ, ಮಯಾಮಿಯವರು ವೇಡ್‌ನ ಆಟದ ಶೈಲಿ ಎನ್ನುತ್ತಾರೆ. ಆ ಸಂಖ್ಯೆಯೊಂದರಿಂದಲೇ ಯಾರು ಸರಿ ಎಂದು ತೀರ್ಮಾನಿಸುವಂತಿಲ್ಲ. ಆದ್ದರಿಂದ ಈ ಮೂವರು ಚೆಂಡು ಕೈತಪ್ಪಿದ ಸಂದರ್ಭಗಳನ್ನು ಎರಡು ಗುಂಪು ಮಾಡಿದರು. ಟ್ರಾವೆಲಿಂಗ್ (ಚೆಂಡು ಪುಟಿಸದೆ ಹೆಜ್ಜೆ ಹಾಕುವುದು), ದಾಳಿಗಾರನ ಫೌಲ್‌ನಂಥವು ರೆಫರಿ ಸೀಟಿ ಊದಿದರಷ್ಟೇ ಆಗುವಂಥವು. ತಪ್ಪು ಪಾಸ್, ಕಸಿದುಕೊಂಡ ಚೆಂಡು ರೆಫರಿಯ ಹಂಗಿಲ್ಲದೆ ಆಗುವಂಥವು. ಎರಡನೆಯ ಗುಂಪಿನ ಜೊತೆ ಹೋಲಿಸಿ ನೋಡಿದಾಗ, ರೆಫರಿಯ ವಿವೇಚನೆಗೆ ಸೇರಿದ ನಿರ್ಣಯಗಳು ಮೂರು ಕಡೆ ವಾಲುತ್ತಿದ್ದವು: ತವರು ತಂಡದ ಕಡೆ, ಪಂದ್ಯದಲ್ಲಿ ಹಿಂದೆ ಬಿದ್ದವರ ಕಡೆ, ಪ್ಲೇಆಫ್ ಸರಣಿಯಲ್ಲಿ ಹಿಂದಿರುವವರ ಕಡೆ.

ಮೂರೂ ಲೀಗ್‌ನ ಆದಾಯಕ್ಕೆ ಅನುಕೂಲವಾದವೇ. ತವರಿನಲ್ಲಿ ಗೆದ್ದರೆ ಪ್ರೇಕ್ಷಕರು ಖುಷಿಯಾಗುತ್ತಾರೆ, ಪಂದ್ಯ ಬಿಗಿಯಾದರೆ ಟಿವಿ ಆರಿಸುವುದಿಲ್ಲ, ಸರಣಿ ಉದ್ದವಾದರೆ ಜಾಹೀರಾತು ಹೆಚ್ಚು. 2024ರ ಜುಲೈನಲ್ಲಿ ಲೀಗ್ ಮಾಡಿಕೊಂಡ 11 ವರ್ಷದ ಪ್ರಸಾರ ಒಪ್ಪಂದದ ಮೊತ್ತ ಸುಮಾರು 7,600 ಕೋಟಿ ಡಾಲರ್. ಹಾಗಾದರೆ ಮೇಲಿನಿಂದ ಆದೇಶ ಬರುತ್ತದೆಯೇ? ಬರಬೇಕಾಗಿಲ್ಲ ಎಂದೇ ನನ್ನ ಎಣಿಕೆ. ಸೋಲುತ್ತಿರುವವನ ಮೇಲೆ ಅನುಕಂಪ ಹುಟ್ಟುವುದು ಮನುಷ್ಯ ಸಹಜ. ಒಂದು ಕಡೆಗೇ ಸಾಲಾಗಿ ಫೌಲ್ ಕೊಟ್ಟ ರೆಫರಿಗೆ ಮುಂದಿನದನ್ನು ಇನ್ನೊಂದು ಕಡೆ ಕೊಡಬೇಕೆಂಬ ಒಳತುಡಿತ ಇರುತ್ತದೆ. ಆದರೆ ಆ ವಾಲುವಿಕೆಯಿಂದ ಲಾಭ ಪಡೆಯುವ ಸಂಸ್ಥೆಗೆ ಅದನ್ನು ತಿದ್ದುವ ತುರ್ತು ಕಡಿಮೆ ಇರುತ್ತದೆ. ಪ್ರೇಕ್ಷಕರ ಸಿಟ್ಟಿಗೆ ನ್ಯಾಯವಾದ ನೆಲೆ ಇರುವುದು ಇಲ್ಲಿ.

ಹಾಗೆಂದು ನಮ್ಮ ಕಣ್ಣನ್ನು ಬಿಟ್ಟುಕೊಡುವಂತಿಲ್ಲ. 1951ರ ನವೆಂಬರ್‌ನಲ್ಲಿ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಒರಟು ಅಮೆರಿಕನ್ ಫುಟ್‌ಬಾಲ್ ಪಂದ್ಯ ನಡೆಯಿತು. ಪ್ರಿನ್ಸ್‌ಟನ್‌ನ ತಾರೆ ಕಾಜ್‌ಮೇಯರ್‌ನ ಮೂಗು ಮುರಿಯಿತು, ಡಾರ್ಟ್‌ಮತ್‌ನ ಆಟಗಾರನೊಬ್ಬನ ಕಾಲು ಮುರಿಯಿತು. ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನಶ್ಶಾಸ್ತ್ರಜ್ಞರು ಎರಡೂ ಕಾಲೇಜಿನ ವಿದ್ಯಾರ್ಥಿಗಳಿಗೆ ಅದೇ ಪಂದ್ಯದ ಚಿತ್ರ ತೋರಿಸಿ ತಪ್ಪುಗಳನ್ನು ಎಣಿಸಲು ಹೇಳಿದರು. ಡಾರ್ಟ್‌ಮತ್ ವಿದ್ಯಾರ್ಥಿಗಳು ತಮ್ಮ ತಂಡದಲ್ಲಿ ಕಂಡ ತಪ್ಪುಗಳ ಎರಡು ಪಟ್ಟಿಗೂ ಹೆಚ್ಚನ್ನು ಅದೇ ತಂಡದಲ್ಲಿ ಪ್ರಿನ್ಸ್‌ಟನ್‌ನವರು ಕಂಡರು. ಅವರು ಸುಳ್ಳು ಹೇಳುತ್ತಿರಲಿಲ್ಲ, ನಿಜವಾಗಿಯೂ ಹಾಗೆಯೇ ಕಂಡಿತು. ನಮ್ಮ ತಂಡ ಸೋತ ರಾತ್ರಿ ನಾವು ಮಾಡುವ ಎಣಿಕೆಯೂ ಇದೇ ಬಗೆಯದು. ಆಟಗಾರ ಕ್ರಿಸ್ ಪಾಲ್ ಮತ್ತು ರೆಫರಿ ಸ್ಕಾಟ್ ಫಾಸ್ಟರ್ ಅವರ ಪ್ರಸಂಗವನ್ನೇ ನೋಡಿ. ಫಾಸ್ಟರ್ ಇದ್ದ ಹತ್ತಕ್ಕೂ ಹೆಚ್ಚು ಪ್ಲೇಆಫ್ ಪಂದ್ಯಗಳನ್ನು ಪಾಲ್‌ನ ತಂಡಗಳು ಸತತವಾಗಿ ಸೋತವು. ಇಬ್ಬರ ನಡುವೆ ಮುನಿಸು ಇದ್ದದ್ದೂ ನಿಜ. ಆದರೆ ನೂರಾರು ಆಟಗಾರರು, ಹತ್ತಾರು ರೆಫರಿಗಳು ವರ್ಷಗಟ್ಟಲೆ ಎದುರಾಗುವಲ್ಲಿ ಇಂಥ ಒಂದೆರಡು ಸರಪಳಿ ಆಕಸ್ಮಿಕವಾಗಿಯೇ ಮೂಡುತ್ತವೆ. ಮೂಡಿದ್ದನ್ನು ಮಾತ್ರ ಹುಡುಕಿ ತೆಗೆದು ತೋರಿಸಿದರೆ ಪುರಾವೆ ಆಗದು.

ಈಗ ನನಗೆ ಈ ಇಡೀ ವಿಷಯದಲ್ಲೇ ಅತಿ ಮುಖ್ಯವೆನಿಸುವ ಸಂಗತಿಗೆ ಬರುತ್ತೇನೆ. 2007ರ ಮೇ ತಿಂಗಳಲ್ಲಿ, ಡೊನಹಿ ಹಗರಣಕ್ಕೆ ಎರಡು ತಿಂಗಳ ಮುಂಚೆ, ಜಸ್ಟಿನ್ ವೋಲ್ಫರ್ಸ್ ಮತ್ತು ಅದೇ ಜೋಸೆಫ್ ಪ್ರೈಸ್ ನಡೆಸಿದ ಅಧ್ಯಯನದ ಸುದ್ದಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. 1991ರಿಂದ 2004ರವರೆಗಿನ ಹದಿಮೂರು ಋತುಗಳನ್ನು ಅವರು ಪರಿಶೀಲಿಸಿದ್ದರು. ರೆಫರಿಗಳ ತಂಡ ತನ್ನದೇ ಜನಾಂಗದ್ದಾಗಿದ್ದರೆ ಆಟಗಾರನ ಮೇಲೆ ಬೀಳುವ ಫೌಲ್‌ಗಳು ಶೇ 4ರವರೆಗೂ ಕಡಿಮೆಯಾಗುತ್ತಿದ್ದವು. ಬಿಳಿಯ ರೆಫರಿ ಕಪ್ಪು ಆಟಗಾರನನ್ನು ದ್ವೇಷಿಸುತ್ತಾನೆ ಎಂದು ಅವರು ಹೇಳಲಿಲ್ಲ. ಅರೆಕ್ಷಣದ ನಿರ್ಣಯದಲ್ಲಿ ಅರಿವಿಗೆ ಬಾರದ ಒಲವು ಕೆಲಸ ಮಾಡುತ್ತದೆ ಎಂಬುದಷ್ಟೇ ವಾದ. ಲೀಗ್ ಸಿಟ್ಟಾಯಿತು, ತನ್ನದೇ ಅಂಕಿಅಂಶ ಮುಂದಿಟ್ಟು ನಿರಾಕರಿಸಿತು. ಟಿವಿಗಳಲ್ಲಿ ಚರ್ಚೆಯಾಯಿತು, ಆಟಗಾರರು, ಕೋಚ್‌ಗಳು ಮಾತಾಡಿದರು.

ವರ್ಷಗಳ ನಂತರ ಡೆವಿನ್ ಪೋಪ್ ಅವರೊಡನೆ ಸೇರಿ ಇದೇ ಇಬ್ಬರು ಮತ್ತೆ ಲೆಕ್ಕ ಹಾಕಿದರು. ಮೊದಲ ಅಧ್ಯಯನದ ಅವಧಿ ಮುಗಿದ ಮೇಲೂ, ಸುದ್ದಿ ಹೊರಬರುವ ತನಕ, ಒಲವು ಹಾಗೆಯೇ ಇತ್ತು. ಸುದ್ದಿ ಬಂದ ನಂತರದ ವರ್ಷಗಳಲ್ಲಿ ಅದು ಮಾಯವಾಗಿತ್ತು. ಲೀಗ್ ಇದಕ್ಕಾಗಿ ಹೊಸ ತರಬೇತಿ ಕೊಟ್ಟಿರಲಿಲ್ಲ, ಯಾರನ್ನೂ ದಂಡಿಸಿರಲಿಲ್ಲ. ನಿಮ್ಮ ಸೀಟಿ ಹೀಗೆ ವಾಲುತ್ತಿದೆ ಎಂಬುದು ರೆಫರಿಗಳ ಕಿವಿಗೆ ಬಿತ್ತು, ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಾಯಿತು. ಪ್ರಾಮಾಣಿಕರಾದ್ದರಿಂದಲೇ ಅವರು ತಿದ್ದಿಕೊಂಡರು. ಕಳ್ಳನಿಗೆ ಅಂಕಿಅಂಶ ತೋರಿಸಿ ಪ್ರಯೋಜನವಿಲ್ಲ, ಅವನಿಗೆ ಡೊನಹಿಗೆ ಆದಂತೆ ಜೈಲೇ ಸರಿ. ಪ್ರಾಮಾಣಿಕನಿಗೆ ತೋರಿಸಬೇಕು. ತನ್ನ ರೆಫರಿಗಳ ಮೇಲೆ ನಂಬಿಕೆಯಿದ್ದ ಲೀಗ್ ಎಲ್ಲರಿಗಿಂತ ಮೊದಲು ಮಾಡಬೇಕಾಗಿದ್ದ ಕೆಲಸವನ್ನು ಹೊರಗಿನ ಇಬ್ಬರು ಸಂಶೋಧಕರು ಮಾಡಿದರು.

ಲೀಗ್ ಆಮೇಲೆ ಬದಲಾಗಿದೆ, ಅದನ್ನು ಒಪ್ಪಬೇಕು. 2014ರಲ್ಲಿ ನ್ಯೂಜೆರ್ಸಿಯ ಸಿಕಾಕಸ್‌ನಲ್ಲಿ ಮರುವೀಕ್ಷಣಾ ಕೇಂದ್ರ ತೆರೆಯಿತು. 2019–20ರಿಂದ ಕೋಚ್‌ಗಳು ನಿರ್ಣಯವನ್ನು ಪ್ರಶ್ನಿಸಬಹುದು. ಎಲ್ಲಕ್ಕಿಂತ ದೊಡ್ಡ ಹೆಜ್ಜೆ 2015ರ ಮಾರ್ಚ್‌ನಲ್ಲಿ ಶುರುವಾದ ‘ಕೊನೆಯ ಎರಡು ನಿಮಿಷಗಳ ವರದಿ’. ಬಿಗಿಯಾದ ಪಂದ್ಯಗಳ ಕೊನೆಯ ಎರಡು ನಿಮಿಷದಲ್ಲಿ ಕೊಟ್ಟ ಫೌಲ್ ಸರಿಯೇ, ಕೊಡದೆ ಬಿಟ್ಟದ್ದು ಸರಿಯೇ ಎಂದು ಒಂದೊಂದಾಗಿ ಪರಿಶೀಲಿಸಿ ಲೀಗ್ ಮರುದಿನವೇ ಪ್ರಕಟಿಸುತ್ತದೆ. 2025ರ ಏಪ್ರಿಲ್ 27ರಂದು ಡೆಟ್ರಾಯಿಟ್‌ನ ಪ್ಲೇಆಫ್ ಪಂದ್ಯದಲ್ಲಿ ನಿಕ್ಸ್ ತಂಡ 94–93ರಿಂದ ತವರಿನ ಪಿಸ್ಟನ್ಸ್ ತಂಡವನ್ನು ಸೋಲಿಸಿದಾಗ ರೆಫರಿಗಳು ವರದಿಗೂ ಕಾಯಲಿಲ್ಲ. ಕೊನೆಯ ಗಳಿಗೆಯಲ್ಲಿ ಮೂರು ಅಂಕದ ಎಸೆತಕ್ಕೆ ಎದ್ದ ಪಿಸ್ಟನ್ಸ್‌ನ ಟಿಮ್ ಹಾರ್ಡವೇ ಜೂನಿಯರ್‌ಗೆ ನಿಕ್ಸ್‌ನ ಜಾಶ್ ಹಾರ್ಟ್ ತಗುಲಿದ್ದು ಫೌಲ್ ಆಗಬೇಕಿತ್ತು ಎಂದು ಮುಖ್ಯ ರೆಫರಿ ಡೇವಿಡ್ ಗುತ್ರಿ ಪಂದ್ಯದ ಬೆನ್ನಿಗೇ ಒಪ್ಪಿಕೊಂಡರು. ಸೀಟಿ ಮೌನವಾದದ್ದು ತವರು ತಂಡಕ್ಕೆ ಬೇಕಾದಾಗ ಎಂಬುದನ್ನೂ ಗಮನಿಸಿ. ಸರಾಸರಿಯಲ್ಲಿ ಕಾಣುವ ವಾಲುವಿಕೆ ಪ್ರತಿ ಪಂದ್ಯದಲ್ಲೂ ಕಾಣಬೇಕಿಲ್ಲ. ಒಪ್ಪಿಗೆಯಿಂದ ಪಿಸ್ಟನ್ಸ್‌ಗೆ ಪಂದ್ಯ ಮರಳಲಿಲ್ಲ, ಸರಣಿಯನ್ನೂ ಸೋತರು. ಆದರೂ ಅಂದು ಡೆಟ್ರಾಯಿಟ್‌ನವರಿಗೆ ದೊರೆತದ್ದು 2002ರಲ್ಲಿ ಸ್ಯಾಕ್ರಮೆಂಟೊಗೆ ದೊರೆತಿರಲಿಲ್ಲ.

ಈ ಏರ್ಪಾಟನ್ನು 2002ರ ಆ ಪಂದ್ಯಕ್ಕೆ ಅನ್ವಯಿಸಿ ನೋಡಿದರೆ ಅದರ ಕೊರತೆ ಗೊತ್ತಾಗುತ್ತದೆ. ಕೋಬಿಯ ಮೊಣಕೈ ವರದಿಯೊಳಗೆ ಬರುತ್ತಿತ್ತು. ಜನರು ಮೂಗುಮುರಿಯುವ ಉಳಿದ ಫೌಲ್‌ಗಳು, ಅಂದರೆ ಕ್ವಾರ್ಟರ್‌ನ ಮೊದಲ ಹತ್ತು ನಿಮಿಷಗಳಲ್ಲಿ ಪೊಲಾರ್ಡ್‌ನಂಥವರ ಮೇಲೆ ಬಿದ್ದವು, ಬರುತ್ತಲೇ ಇರಲಿಲ್ಲ. ಹಿಂದಿರುವ ತಂಡದ ಕಡೆ ವಾಲುವ ಸೀಟಿ ಕೊನೆಯ ಎರಡು ನಿಮಿಷಕ್ಕೆ ಕಾದು ಕೂರುವುದಿಲ್ಲ. ಎರಡನೆಯ ಕ್ವಾರ್ಟರ್‌ನಲ್ಲಿ ಮುಖ್ಯ ಆಟಗಾರನಿಗೆ ಬಿದ್ದ ಮೂರನೆಯ ಫೌಲ್ ಅವನನ್ನು ಬೆಂಚಿಗೆ ಕಳುಹಿಸಿ ಪಂದ್ಯದ ದಿಕ್ಕನ್ನೇ ಬದಲಿಸಬಹುದು, ಅದಕ್ಕೆ ಯಾವ ವರದಿಯೂ ಇಲ್ಲ.

ರೆಫರಿಗಳ ಸಂಘ ಈ ವರದಿಗಳನ್ನೇ ನಿಲ್ಲಿಸಬೇಕೆಂದು ಹಿಂದಿನಿಂದಲೂ ಕೇಳುತ್ತಿದೆ. ತಪ್ಪನ್ನು ಮಾತ್ರ ಎತ್ತಿ ತೋರಿಸಿದರೆ ಜನ ರೆಫರಿಗಳ ಬೆನ್ನು ಬೀಳುತ್ತಾರೆ, ನೂರು ಸರಿ ನಿರ್ಣಯಗಳನ್ನು ಯಾರೂ ನೋಡುವುದಿಲ್ಲ ಎಂಬುದು ಅವರ ಅಳಲು. ಅಳಲು ನಿಜವಾದದ್ದು. ಅಂಕಣದಿಂದ ಬಸ್ ನಿಲ್ದಾಣದವರೆಗೂ ಬೈಗುಳ ಹಿಂಬಾಲಿಸಿಕೊಂಡು ಬಂದರೆ ಏನನಿಸುತ್ತದೆಂದು ಸೀಟಿ ಹಿಡಿದ ಯಾರನ್ನಾದರೂ ಕೇಳಿ. ಆದರೆ ಅದಕ್ಕೆ ಮದ್ದು ವರದಿಯನ್ನು ಮುಚ್ಚುವುದಲ್ಲ, ಪೂರ್ಣ ಮಾಡುವುದು. ಪ್ಲೇಆಫ್‌ಗೆ ಯಾರನ್ನು ಕಳುಹಿಸಬೇಕೆಂದು ತೀರ್ಮಾನಿಸಲು ಲೀಗ್ ಹೇಗೂ ಪ್ರತಿ ರೆಫರಿಯ ನಿರ್ಣಯಗಳನ್ನು ಪರಿಶೀಲಿಸಿ ಅಂಕ ಕೊಡುತ್ತದೆ. ಮೊದಲ ಸುತ್ತಿಗೆ ಆಯ್ಕೆಯಾಗುವವರು 36 ಮಂದಿ, ಫೈನಲ್ ತಲುಪುವವರು 12. ಆ ಕಡತಗಳು ಸಿದ್ಧವಾಗಿಯೇ ಇವೆ. ಪ್ಲೇಆಫ್ ಸರಣಿ ಮುಗಿದ ವಾರದೊಳಗೆ ಅದರ ಪ್ರತಿ ಪಂದ್ಯದ 48 ನಿಮಿಷದ ಪರಿಶೀಲನೆಯನ್ನೂ ಲೀಗ್ ಬಿಡುಗಡೆ ಮಾಡಲಿ. ಸರಿ ನಿರ್ಣಯ ಎಷ್ಟು, ತಪ್ಪು ಎಷ್ಟು, ತಪ್ಪುಗಳು ಯಾವ ತಂಡದ ಕಡೆ ವಾಲಿದವು, ಆಗ ಅಂಕ ಎಷ್ಟಿತ್ತು ಎಂಬುದೆಲ್ಲ ಅದರಲ್ಲಿರಲಿ. ಮೂವರು ರೆಫರಿಗಳ ತಂಡವಾಗಿ ಲೆಕ್ಕ ಕೊಟ್ಟರೆ ಸಾಕು, ಒಬ್ಬೊಬ್ಬರ ಹೆಸರು ಹಿಡಿದು ಹೇಳಬೇಕಿಲ್ಲ. ಆಗ ಸರಿ ನಿರ್ಣಯಗಳ ಸಂಖ್ಯೆಯೂ ಜನರ ಕಣ್ಣಿಗೆ ಬೀಳುತ್ತದೆ, ರೆಫರಿಗಳ ಪರವಾಗಿ ಮಾತಾಡಲು ಅದಕ್ಕಿಂತ ಗಟ್ಟಿ ಸಾಕ್ಷ್ಯ ಬೇರೆ ಸಿಗದು.